ಸುಮಂಗಲಮ್ಮನ ಮನೆಪತ್ರ

ಹೊಳೆದಂಡೆಯ ಊರೊಂದರ ನೋಂದಣಿ ಕಚೇರಿಯಲ್ಲಿ ಹಳೆಯ ದಾಖಲೆಗಳ ಕೋಣೆಯಿತ್ತು. ಮನೆಪತ್ರ ಕಳೆದುಕೊಂಡವರು ನಕಲಿಗಾಗಿ ಅಲ್ಲಿಗೇ ಬರಬೇಕು. ಆ ಕೋಣೆಯ ಹಿರಿಯರು ಕೊಟ್ರಬಸಯ್ಯ. ಊರವರಿಗೆಲ್ಲ ಅವರು ಗುರುಗಳು. ಅವರ ಕೈಕೆಳಗೆ ಕೆಲಸ ಕಲಿಯಲು ತಿಪ್ಪೇಶ ಸೇರಿದ್ದ.

ತಿಪ್ಪೇಶ ಬಲು ಚುರುಕು. ಬಂದವರು ಹೆಸರು ಹೇಳಿ ಮುಗಿಸುವಷ್ಟರಲ್ಲಿ ಪುಟ ತೆರೆದಿರುತ್ತಿದ್ದ. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ.

ಒಂದು ಬೆಳಿಗ್ಗೆ ಸುಮಂಗಲಮ್ಮ ಎಂಬ ಅಜ್ಜಿ ಬಂದಳು.

“ಮನೆಪತ್ರ ಬೇಕಿತ್ತಪ್ಪ. ಯಜಮಾನರು ತೀರಿಕೊಂಡರು. ಈಗ ಮೈದುನ, ಪತ್ರ ತೋರಿಸು, ಇಲ್ಲಾ ಮನೆ ಬಿಡು ಅಂತಾನೆ.”

“ಮನೆ ಯಾರ ಹೆಸರಲ್ಲಿದೆ?”

“ಅವರ ಹೆಸರಲ್ಲೇ ಇರಬೇಕು. ರುದ್ರಮುನಿಯಪ್ಪ.”

ತಿಪ್ಪೇಶ ಹುಡುಕಿದ. ಸುಮಂಗಲಮ್ಮ ಎಂಬ ಹೆಸರಲ್ಲೂ ನೋಡಿದ.

“ಇಲ್ಲಮ್ಮ.”

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಹೊರಟಳು. ತಿಪ್ಪೇಶನಿಗೆ ಕಸಿವಿಸಿಯಾಯಿತು. ಆದರೆ ಇಲ್ಲದ್ದನ್ನು ಎಲ್ಲಿಂದ ತರುವುದು?

“ಏನಂದೆ ಆಕೆಗೆ?” ಗುರುಗಳು ಕೇಳಿದರು.

“ಇಲ್ಲ ಅಂದೆ.”

“ಇಲ್ಲವೋ, ನಿನಗೆ ಸಿಗಲಿಲ್ಲವೋ?”

ತಿಪ್ಪೇಶ ತಲೆ ತಗ್ಗಿಸಿದ.

“ಓಡು, ಕರೆದುಕೊಂಡು ಬಾ.”

ಸೇತುವೆಯ ಹತ್ತಿರ ಅಜ್ಜಿ ಸಿಕ್ಕಳು. ಗುರುಗಳು ತಮ್ಮ ಕುರ್ಚಿಯನ್ನೇ ಅವಳಿಗೆ ಬಿಟ್ಟುಕೊಟ್ಟು, ಎದುರಿಗೆ ಮೋಟು ಸ್ಟೂಲಿನ ಮೇಲೆ ಕೂತರು.

“ತವರು ಯಾವ ಕಡೆ ತಾಯಿ?”

“ಹೊಳೆಯಾಚೆ ಬುದ್ಧಿ.”

ಮಾತು ಹೊಳೆ ದಾಟಿತು. ಜೋಳದ ಹೊಲ, ಹರಿಗೋಲು, ಅಣ್ಣ ಸಾಕಿದ್ದ ಟಗರು. ಅಜ್ಜಿಯ ಮುಖ ಅರಳುತ್ತ ಹೋಯಿತು. ತಿಪ್ಪೇಶ ಗಡಿಯಾರ ನೋಡಿದ. ಕೆಲಸದ ಹೊತ್ತಲ್ಲಿ ಇದೇನು ಹರಟೆ ಅನ್ನಿಸಿತು ಅವನಿಗೆ.

“ತವರಲ್ಲಿ ನಿಮ್ಮನ್ನ ಏನಂತ ಕರೀತಿದ್ರು?”

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ಹಂಪಮ್ಮ ಅಂತ. ಮದುವೆಯಲ್ಲಿ ನಮ್ಮತ್ತೆ ಹೆಸರು ಬದಲಿಸಿದರು. ಹಂಗೆ ಕರೆಯೋರು ಈಗ ಯಾರೂ ಉಳಿದಿಲ್ಲ.”

“ಯಜಮಾನರು?”

“ಯಾರೂ ಇಲ್ಲದಾಗ ಕರೀತಿದ್ರು.”

ತಿಪ್ಪೇಶ ಎದ್ದುಹೋಗಿ ದಪ್ಪ ಪುಸ್ತಕ ಇಳಿಸಿದ. ಅವನ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಗಟ್ಟಿಯಾಗಿ ಓದಿದ.

“ಹಂಪಮ್ಮ, ಕೋಂ ರುದ್ರಮುನಿಯಪ್ಪ.”

ಹಂಪಮ್ಮ, ರುದ್ರಮುನಿಯಪ್ಪನ ಹೆಂಡತಿ. ಮನೆ ಕೊಂಡದ್ದು ಅವಳ ಹೆಸರಿಗೇ. ಗಂಡ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಅಜ್ಜಿ ಪುಸ್ತಕದತ್ತ ಬಾಗಿದಳು.

“ಇನ್ನೊಂದು ಸಲ ಓದಪ್ಪ.”

ಅವನು ಓದಿದ. ಆ ಹೆಸರು ಕೇಳಿ ಅವಳ ಕೆನ್ನೆ ಹೊಸ ಸೊಸೆಯ ಕೆನ್ನೆಯಂತೆ ರಂಗೇರಿತು.

ನಕಲು ಪಡೆದು ಅಜ್ಜಿ ಹೋದಳು. ತಿಪ್ಪೇಶ ಬಾಗಿಲಲ್ಲೇ ನಿಂತು ಅವಳ ನಡಿಗೆ ನೋಡಿದ. ಅವನ ಮನಸ್ಸೂ ಹಗುರಾಗಿತ್ತು.

“ಗುರುಗಳೇ, ನಾನು ಹುಡುಕೋದನ್ನ ಕಲಿತೆ, ಕೇಳೋದನ್ನ ಕಲೀಲಿಲ್ಲ. ಇನ್ನು ಮೇಲೆ ಯಾರಾದರೂ ಬಂದರೆ ಮೊದಲು ಏನು ಕೇಳಲಿ?”

ಗುರುಗಳು ಪುಸ್ತಕವನ್ನು ಅದರ ಜಾಗಕ್ಕೆ ಸೇರಿಸುತ್ತ ಹೇಳಿದರು:

“ಕುಡಿಯೋಕೆ ನೀರು ಬೇಕಾ ಅಂತ ಕೇಳು.”