ಸದ್ದಿಲ್ಲದ ಬೆಳಗು

ಬೀಸುವ ಕಲ್ಲಿನ ಸದ್ದಿಗೆ ಪಾಳೆಗಾರನ ನಿದ್ದೆ ಕೆಟ್ಟಿತು. ಹೊತ್ತು ಹುಟ್ಟುವ ಮುಂಚೆ ಸದ್ದು ಮಾಡಿದವರಿಗೆ ಚಾಟಿಯೇಟು ಎಂದು ತಾಳೆಗರಿಯ ಮೇಲೆ ಕಾಯಿದೆ ಬರೆಸಿದ. ಡಂಗುರ ಸಾರುವುದೊಂದೇ ಬಾಕಿ.

ಅರಮನೆಯ ಬಚ್ಚಲಲ್ಲಿ ನೀರು ಕಾಯಿಸುವ ಜವನಯ್ಯನ ಕಿವಿಗೂ ಇದು ಬಿತ್ತು. ಅವನ ಹೆಂಡತಿ ಕೋಳಿ ಕೂಗುವಾಗಲೇ ರಾಗಿ ಬೀಸುವವಳು. "ಬುದ್ದಿ, ಊರಿಗೆ ಸಾರುವ ಮೊದಲು ಒಂದು ಬೆಳಗ್ಗೆ ಅರಮನೆಯಲ್ಲೇ ನಡೆಸಿ ನೋಡೋಣ," ಎಂದ. ಪಾಳೆಗಾರ ಖುಷಿಯಿಂದ ಒಪ್ಪಿದ.

ಮರುದಿನ ಬಾವಿಯ ರಾಟೆ ಕಿರುಗುಟ್ಟಲಿಲ್ಲ. ಯಾರೂ ಸೌದೆ ಒಡೆಯಲಿಲ್ಲ. ನಸುಕಿನಲ್ಲೇ ಎದ್ದ ಪಾಳೆಗಾರ ಬಚ್ಚಲಿಗೆ ಬಂದರೆ ಹಂಡೆ ತಣ್ಣಗಿತ್ತು. "ಎಲ್ಲಿ ಸತ್ತಿರೋ ಎಲ್ಲರೂ!" ಎಂದು ಅರಮನೆ ನಡುಗುವಂತೆ ಕೂಗಿದ.

ಜವನಯ್ಯ ಹೊತ್ತು ಹುಟ್ಟುವವರೆಗೂ ಬಾಯಿ ಬಿಡದೆ ಕೈಕಟ್ಟಿ ನಿಂತಿದ್ದ. ಆಮೇಲೆ ಮೆಲ್ಲಗೆ ಕೇಳಿದ: "ಬುದ್ದಿ, ಸದ್ದು ಮಾಡಿದವರು ಒಬ್ಬರೇ. ಚಾಟಿ ತರಲಾ?"

ಪಾಳೆಗಾರ ಒಳಗೆ ಹೋದ. ಕಾಯಿದೆಯ ಆ ತಾಳೆಗರಿಯನ್ನು ತಂದು ಅವನ ಕೈಗಿಟ್ಟ.

"ಒಲೆಗೆ ಹಾಕು. ನೀರಾದರೂ ಕಾಯಲಿ."