ಮಂತ್ರಿಗಳ ಕೈಗುಣ

ಕಾರ್ಖಾನೆಗಳು ಬಂದವು, ಊರು ಖಾಲಿಯಾಯಿತು. ಹಳಬರೆಂದು ಉಳಿದದ್ದು ಎರಡೇ: ಕಾವಲುಗಾರ ಮಾಯಿಗಯ್ಯ, ಅವನ ಗುಡಿಸಲ ಮುಂದಿನ ಹೊಂಗೆಮರ.

"ಮಂತ್ರಿಗಳು ಸಸಿ ನೆಟ್ಟು ಹೋಗ್ಲಿ. ನಾಳೆ ಈ ಮರ ಕಡಿದುಬಿಡು, ರಸ್ತೆ ಬರ್ತದೆ" ಅಂದ ಎಂಜಿನಿಯರು, ಮಾಯಿಗಯ್ಯನಿಗೆ.

ಮಂತ್ರಿಗಳು ಸಸಿ ನೆಟ್ಟರು, ಪರಿಸರದ ಮೇಲೆ ಭಾಷಣ ಮಾಡಿದರು. ಆಮೇಲೆ ಕೈ ತೊಳೆಯುತ್ತಾ ಕೇಳಿದರು: "ಹತ್ತು ವರ್ಷದ ಹಿಂದೆ ಶಂಕುಸ್ಥಾಪನೆಗೆ ಬಂದಾಗ ಇಲ್ಲೇ ಒಂದು ಹೊಂಗೆ ನೆಟ್ಟಿದ್ದೆನಲ್ಲ, ಏನಾಯ್ತು?"

ಎಂಜಿನಿಯರು ಬೆವರಿದ. ಆಗಲೂ ಉಸ್ತುವಾರಿ ಅವನದೇ. ಆ ಸಸಿ ನೀರಿಲ್ಲದೆ ಎಂಟೇ ದಿನಕ್ಕೆ ಒಣಗಿತ್ತು.

ಮಾಯಿಗಯ್ಯ ಕೈಮುಗಿದ. "ಇದೇ ಅಲ್ವಾ ಸ್ವಾಮಿ! ತಮ್ಮ ಕೈಗುಣಕ್ಕೆ ಹೆಂಗೆ ಎದ್ದೈತೆ ನೋಡಿ. ನಾಳೆ ಕಡೀಬೇಕಂತೆ. ಸಾಹೇಬ್ರನ್ನೇ ಕೇಳಿ, ಅವರೇ ನೀರು ಹಾಕ್ಸಿದ್ದು."

"ಹೌದೇನ್ರೀ?" ಮಂತ್ರಿಗಳು ತಿರುಗಿದರು.

ಅಲ್ಲ ಅಂದರೆ ಸಸಿ ಸತ್ತ ಕಥೆ ಹೇಳಬೇಕು. "ಹೌದು ಸರ್" ಅಂದ ಎಂಜಿನಿಯರು.

"ಹಾಗಾದ್ರೆ ರಸ್ತೆ ಈ ಮರವನ್ನ ಸುತ್ತಿಕೊಂಡು ಹೋಗ್ಲಿ. ನನ್ನ ಹೆಸರಿನ ಫಲಕ ಹಾಕಿ!"

ಕಾರುಗಳು ಹೋದವು. ಮಾಯಿಗಯ್ಯ ಒಬ್ಬನೇ ನೆರಳಲ್ಲಿ ಕೂತು ಮರದ ಬುಡ ಸವರಿದ. ಮೂವತ್ತು ವರ್ಷದ ಹಿಂದೆ ಅದನ್ನು ನೆಟ್ಟು, ಕೊಡ ಹೊತ್ತು ನೀರೆರೆದು ಬೆಳೆಸಿದವಳು ತೀರಿಹೋದ ಅವನ ಹೆಂಡತಿ ಕೆಂಪಾಜಿ.

"ಬೇಜಾರ್ ಮಾಡ್ಕಬೇಡ ಕಣೆ" ಅಂದ. "ನಿನ್ನ ಹೆಸ್ರು ಹೇಳಿದ್ದಿದ್ರೆ ಇವತ್ತೇ ಕಡೀತಿದ್ರು."