ಮೂರುಬೆರಳ ದಿಬ್ಬ

ಒಂದು ಕಡೆ ಹುರುಳಿಯೂ ಬೆಳೆಯದ ಕಲ್ಲು ದಿಬ್ಬ, ಇನ್ನೊಂದು ಕಡೆ ಒಬ್ಬ ಹುಡುಗನ ವಿದ್ಯೆ: ವ್ಯಾಪಾರ ಇಷ್ಟೇ. ಆ ದಿಬ್ಬದ ಮೇಲೆ ಈಗ ಬೆನೆಡಿಕ್ಟಿನ್ ಸನ್ಯಾಸಿಗಳ ಮಠವೂ ಅದಕ್ಕೆ ಹೊಂದಿಕೊಂಡ ಶಾಲೆಯೂ ಇವೆ. ಹಾಸ್ಟೆಲಿನಲ್ಲಿದ್ದು ಓದುವವರು ಕೆಲವರು, ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವವರು ಕೆಲವರು. ಶಾಲೆಗೆ ಸಂತರೊಬ್ಬರ ಹೆಸರಿದೆ, ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆದೂ ಇದೆ. ಆದರೆ ಬಸ್ಸಿನ ಕಂಡಕ್ಟರು ಕೂಗುವುದು 'ಮೂರುಬೆರಳು, ಯಾರ್ರೀ ಮೂರುಬೆರಳು' ಎಂದೇ. ಹೆಬ್ಬಾಗಿಲ ಕಲ್ಲುಕಂಬದಲ್ಲಿ ಮೇಲೆತ್ತಿದ ಮೂರು ಬೆರಳುಗಳನ್ನು ಕೆತ್ತಿದ್ದಾರೆ. ಹಾಸ್ಟೆಲಿನ ಮಕ್ಕಳನ್ನು ಕೇಳಿದರೆ ಪಿತ, ಸುತ, ಪವಿತ್ರಾತ್ಮ ಎನ್ನುತ್ತಾರೆ. ಮಠದವರು ಗಂಟೆಯ ಲೆಕ್ಕ ಎನ್ನುತ್ತಾರೆ. ಕೆಳಗಿನ ಪೇಟೆಯ ಹಳಬರು ಎರಡನ್ನೂ ಒಪ್ಪದೆ ಎತ್ತಿನ ದಲ್ಲಾಳಿ ಚೌಡಶೆಟ್ಟಿಯ ಕಥೆ ತೆಗೆಯುತ್ತಾರೆ.

ಹಿಂದೆ ಒಮ್ಮೆ, ದಿಬ್ಬದ ಬುಡದಲ್ಲಿ ಮಣ್ಣಿನ ಗೋಡೆ ಎತ್ತಿಕೊಂಡು ನಾಲ್ಕು ಜನ ಪರದೇಶದ ಸನ್ಯಾಸಿಗಳು ವಾಸವಾಗಿದ್ದರಂತೆ. ಪ್ರಾರ್ಥನೆ, ದುಡಿಮೆ, ಉಳಿದ ಹೊತ್ತು ಮೌನ, ಅದು ಅವರ ನೇಮ. ಸಂತೆಯ ಗದ್ದಲ ತಾಳದೆ ದಿಬ್ಬದ ಮೇಲಕ್ಕೆ ಹೋಗಬೇಕೆಂಬುದು ಅವರ ಆಸೆ. ದಿಬ್ಬ ಚೌಡಶೆಟ್ಟಿಯದು. ಶೆಟ್ಟಿಗೆ ಅದರಿಂದ ಮೂರು ಕಾಸಿನ ಉಪಯೋಗವಿರಲಿಲ್ಲ. ಅವನಿಗೆ ಬೇಕಾಗಿದ್ದುದು ಬೇರೆ. ಮಗಳ ಮಗ ರೇವಣ್ಣನಿಗೆ ಹುಟ್ಟಿದಂದಿನಿಂದ ಎಡಗಾಲು ಊನ. ಹೊಳೆಯಾಚೆಯ ಶಾಲೆಗೆ ಅವನು ನಡೆಯಲಾರ, ಎತ್ತು ಹೊಡೆದುಕೊಂಡು ಸಂತೆ ಸುತ್ತಲಾರ. ನಾಲ್ಕಕ್ಷರ ಕಲಿಯದಿದ್ದರೆ ತನ್ನ ನಂತರ ಅವನನ್ನು ಕೇಳುವವರಿಲ್ಲ ಎಂಬ ಚಿಂತೆ ಶೆಟ್ಟಿಯನ್ನು ತಿನ್ನುತ್ತಿತ್ತು. ದಿಬ್ಬ ಕೊಟ್ಟು ಮೊಮ್ಮಗನಿಗೆ ಓದು ಪಡೆಯೋಣ ಎಂದು ಹೊರಟ. ಗಾಡಿ ಹೊಡೆಯುವ ಇನ್ನಾಸಪ್ಪ ಸನ್ಯಾಸಿಗಳ ಪೂಜೆಗೆ ಹೋಗುವ ಒಕ್ಕಲು, ಅವನು ತಡೆದ.

"ಇವತ್ತು ಬೇಡ ಶೆಟ್ರೇ, ಸ್ವಾಮಿಗಳು ಬಾಯಿ ಬಿಡೋ ದಿನ ಅಲ್ಲ."

"ವ್ಯಾಪಾರಕ್ಕೆ ಬಾಯಿ ಯಾಕಯ್ಯಾ? ಬೆರಳಿಲ್ವಾ? ಹೊಡಿ ಗಾಡಿ."

ಶೆಟ್ಟಿಯ ಮಾತೂ ಸುಳ್ಳಲ್ಲ. ದನದ ಸಂತೆಯಲ್ಲಿ ಹೆಗಲ ವಲ್ಲಿಯ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದೇ ದರ ಕುದುರಿಸಿ ಬದುಕಿದವನು ಅವನು. ಹಿರಿಯರಾದ ಪ್ಲಾಸಿದ್ ಸ್ವಾಮಿಗಳು ನಗುಮುಖದಿಂದ ಬರಮಾಡಿಕೊಂಡರು. ಶೆಟ್ಟಿ ದಿಬ್ಬ ತೋರಿಸಿದ, ಅವರನ್ನು ತೋರಿಸಿದ, ಒಂದು ಬೆರಳೆತ್ತಿ ಗಾಳಿಯಲ್ಲಿ ಬರೆದು ತೋರಿಸಿದ. ಹುಡುಗನ ಕಾಲಿನ ಸಂಗತಿಯನ್ನು ಮಾತ್ರ ತೋರಿಸಲಿಲ್ಲ. ಮಾಲಿನ ಊನವನ್ನು ಮೊದಲೇ ಹೇಳುವ ದಲ್ಲಾಳಿ ಎಲ್ಲಿದ್ದಾನೆ? ಸ್ವಾಮಿಗಳು ಮೂರು ಬೆರಳೆತ್ತಿ ತುಟಿ ಮುಟ್ಟಿಕೊಂಡರು. ಶೆಟ್ಟಿಗೆ ತಲೆ ಗಿರ್ರೆಂದಿತು. ಕೇಳಿದ್ದು ಒಬ್ಬನಿಗೆ, ಕೊಡುತ್ತಿರುವುದು ಮೂವರಿಗೆ, ಅದೂ ಊಟ ಸಮೇತ! ತನಗೇ ನಷ್ಟವಾಗುವಂತೆ ದರ ಏರಿಸುವವನನ್ನು ಅವನು ಯಾವ ಸಂತೆಯಲ್ಲೂ ಕಂಡಿರಲಿಲ್ಲ. ದಿಬ್ಬದಲ್ಲಿ ಹೂತ ಹೊನ್ನೇನಾದರೂ ಇದೆಯೋ, ಈ ಮನುಷ್ಯನಿಗೆ ವ್ಯವಹಾರವೇ ತಿಳಿಯದೋ? ಪರೀಕ್ಷಿಸಲೆಂದು ವಲ್ಲಿ ಕೊಡವಿ ಎದ್ದ. ಸ್ವಾಮಿಗಳು ಕೈ ಹಿಡಿದು ಕೂರಿಸಿ, ಅಂಗೈಯನ್ನು ಕೆನ್ನೆಗಿಟ್ಟು ಕಣ್ಣು ಮುಚ್ಚಿದರು. ಓಹೋ, ಹುಡುಗರು ಇಲ್ಲೇ ಮಲಗಬೇಕು! ಅದಾಗದು, ರೇವಣ್ಣನನ್ನು ಬಿಟ್ಟು ಅವನ ಅಜ್ಜಿ ಒಂದು ರಾತ್ರಿಯೂ ಇರಳು. ಶೆಟ್ಟಿ ಮತ್ತೆ ಒಂದು ಬೆರಳೆತ್ತಿ, ಮೂಡಲಿಂದ ಪಡುವಲಿಗೆ ಆಕಾಶದಲ್ಲಿ ಗೆರೆ ಎಳೆದ: ಒಬ್ಬ ಮಾತ್ರ ಬೆಳಿಗ್ಗೆ ಬಂದು ಸಂಜೆ ಹೋಗಲಿ. ಸ್ವಾಮಿಗಳು ಪಡುವಲತ್ತ ಬೆರಳು ಮಾಡಿ ಸಂತೋಷದಿಂದ ತಲೆಯಾಡಿಸಿದರು. ಇಷ್ಟು ಸಲೀಸಾಗಿ ಒಪ್ಪಿದವರು ಮನಸ್ಸು ಬದಲಿಸಿಬಿಟ್ಟಾರೆಂದು ಹೆದರಿ, ಶೆಟ್ಟಿ ದಿಬ್ಬದ ಮಗ್ಗುಲಿನ ಬಾವಿಯನ್ನೂ ತೋರಿಸಿ ಸೇರಿಸಿದ. ಅವರ ಕೈಯನ್ನು ವಲ್ಲಿಯೊಳಕ್ಕೆ ಎಳೆದು ಮೂರು ಬೆರಳು ಒತ್ತಿ ವ್ಯಾಪಾರ ಮುಗಿಸಿದ. ಅವರು ಕೊಟ್ಟ ರೊಟ್ಟಿ ತಿಂದು ಅಲ್ಲೇ ಜಗಲಿಯ ಮೇಲೆ ಒಂದು ಕೋಳಿನಿದ್ದೆಯನ್ನೂ ತೆಗೆದನಂತೆ.

ಹೊತ್ತು ಮುಳುಗುವಾಗ ಪ್ರಾರ್ಥನೆಯ ಮೂರನೆಯ ಗಂಟೆ ಹೊಡೆಯಿತು. ಸ್ವಾಮಿಗಳು ಬಂದು, "ಈಗ ಅಪ್ಪಣೆಯಾಗಲಿ, ತಾವು ಬಂದ ಕಾರ್ಯವೇನು?" ಎಂದರು.

ಶೆಟ್ಟಿ ಪಿಳಿಪಿಳಿ ನೋಡಿದ. "ಬಂದಿದ್ದೂ ಆಯ್ತು, ಮುಗಿದಿದ್ದೂ ಆಯ್ತು ಸ್ವಾಮೇರೇ! ಮೂರು ಹುಡುಗರು, ಎರಡಕ್ಕೆ ಮಲಗೋ ಜಾಗ, ಒಂದು ಸಂಜೆಗೆ ಮನೆಗೆ."

"ಹೊತ್ತು ಮುಳುಗಿ ಮೂರನೆಯ ಗಂಟೆಯಾದ ಮೇಲೆ ಮಾತಾಡುವೆ, ಅಲ್ಲಿಯವರೆಗೆ ಮಲಗಿ ದಣಿವಾರಿಸಿಕೊಳ್ಳಿ ಅಂದೆನಲ್ಲ!" ಸ್ವಾಮಿಗಳೂ ಕಂಗಾಲು. ಮೌನ ಬೇಕೆಂದು ದಿಬ್ಬ ಬಯಸಿದವರ ಮಡಿಲಿಗೆ ಮೂರು ಹುಡುಗರ ಗಲಾಟೆ ಬಂದು ಬಿದ್ದಿತ್ತು. ಇನ್ನಾಸಪ್ಪ ಮುಸಿಮುಸಿ ನಗುತ್ತಿದ್ದ.

"ನಗಬೇಡ ಕಣೋ," ಎಂದು ಅವನನ್ನು ಗದರಿ ಶೆಟ್ಟಿ ಪಟ್ಟು ಹಿಡಿದ. "ನಮ್ಮಲ್ಲಿ ಬೆರಳು ಹಿಡಿದ ಮೇಲೆ ಮುಗೀತು. ಮನೆಗೋದ ಮೇಲೆ ಎತ್ತು ಕುಂಟಿದರೂ ವಾಪಸಿಲ್ಲ." ಆಡಿದವನೇ ನಾಲಿಗೆ ಕಚ್ಚಿಕೊಂಡ. ಅವನ ದನಿ ಇಳಿಯಿತು. "ಕುಂಟ್ತಾನೆ ಸ್ವಾಮಿ ನಮ್ಮ ಹುಡುಗ. ಅದನ್ನ ನಾನು ಹೇಳಿರಲಿಲ್ಲ. ಬೇಡ ಅಂದರೆ ಬಿಡಿ, ವ್ಯಾಪಾರ ಮುರೀರಿ."

ಸ್ವಾಮಿಗಳು ದಿಬ್ಬದ ಏರನ್ನು ಕಣ್ಣಲ್ಲೇ ಅಳೆದರಂತೆ. ಆಮೇಲೆ, "ಹಾಗಾದರೆ ಮೆಟ್ಟಿಲು ಕಟ್ಟುವುದು ಬೇಡ, ಇಳಿಜಾರು ದಾರಿಯನ್ನೇ ಮಾಡೋಣ," ಎಂದರು.

ಇದರಲ್ಲಿ ಯಾರು ಯಾರಿಗೆ ಏನು ಮಾರಿದರು ಎಂಬುದು ಚೌಡಶೆಟ್ಟಿಗೆ ಕಡೆಯವರೆಗೂ ಬಗೆಹರಿಯಲಿಲ್ಲ ಎನ್ನುತ್ತಾರೆ. ಉಳಿದ ಎರಡು ಜಾಗ ಖಾಲಿ ಬಿದ್ದರೆ ದಂಡವೆಂದು ಇನ್ನಾಸಪ್ಪನ ಮಗನನ್ನೂ ಕುಂಬಾರರ ಒಬ್ಬ ಹುಡುಗನನ್ನೂ ಅವನೇ ಹಿಡಿದು ತಂದು ಸೇರಿಸಿದ. ಇಂದು ಹೋದವರಿಗೂ ಕಂಬದ ಮೇಲಿನ ಬೆರಳು, ಬಾವಿ, ದಿಬ್ಬವನ್ನು ಮೂರು ಸುತ್ತು ಬಳಸಿ ನಿಧಾನವಾಗಿ ಏರುವ ದಾರಿ ಕಾಣುತ್ತವೆ. ಶೆಟ್ಟಿ ಕಳೆದುಕೊಂಡದ್ದು ಒಂದು ದಿಬ್ಬ, ಒಂದು ಬಾವಿ. ಬಂದದ್ದು ಅವನ ಮನೆಗೆ ಒಬ್ಬನ ಓದು, ಪರರ ಮನೆಗೆ ಇಬ್ಬರದು, ಊರಿಗೊಂದು ಶಾಲೆ, ಮತ್ತು ಬುಡದಿಂದ ತುದಿಯವರೆಗೆ ಒಂದು ಮೆಟ್ಟಿಲೂ ಇಲ್ಲದ ದಾರಿ.